ಜಪಾನಿನ ಹಳೆಯ ಆಚರಣೆಗಳು, ಇಂದಿನ ಹುಚ್ಚುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಆನಿಮೆ, ಅಂದರೆ ಜಪಾನಿನ ಕಾರ್ಟೂನು, ನೋಡಿ ಆ ದೇಶದ ಬಗ್ಗೆ ಆಸೆ ಹುಟ್ಟಿದವರು, ಕೆಲಸದ ಮೇಲೆ ಅಲ್ಲಿಗೆ ಹೊರಟವರು, ಮಕ್ಕಳ ಡೋರೆಮಾನ್ ಹುಚ್ಚು ನೋಡಿ ಏನಿದು ಅಂತ ತಲೆ ಕೆರೆದುಕೊಂಡ ಅಪ್ಪ ಅಮ್ಮಂದಿರು. ಈ ಪ್ರಶ್ನೆಗಳು ಹೆಚ್ಚಾಗಿ ಇವರಿಂದಲೇ ಬರುತ್ತವೆ. ಸಂಪ್ರದಾಯವನ್ನೂ ಕಾರ್ಟೂನನ್ನೂ ಬೇರೆ ಬೇರೆ ಭಾಗ ಮಾಡಿ ಉತ್ತರ ಬರೆದಿಲ್ಲ. ಬೆಳಗ್ಗೆ ಗುಡಿಯಲ್ಲಿ ಕೈ ಮುಗಿದವರೇ ಸಂಜೆ ಮಾಂಗಾ ಎಂಬ ಚಿತ್ರಕಥೆ ಪುಸ್ತಕಗಳ ಅಂಗಡಿಯಲ್ಲಿ ನಿಂತಿರುವ ಊರು ಅದು. ಹಳೆಯದನ್ನು ಮತ್ತೆ ಮತ್ತೆ ಹೊಸದಾಗಿ ಮಾಡುತ್ತಾ ಉಳಿಸಿಕೊಂಡವರು ಅವರು. ಅದನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಜಪಾನೀಯರ ಧರ್ಮ ಯಾವುದು? ಕೆಲವರು ಶಿಂತೋ ಅಂತಾರೆ, ಕೆಲವರು ಬೌದ್ಧ ಅಂತಾರೆ.

ಎರಡೂ ಸರಿ. ಶಿಂತೋ ಅಂದರೆ ಜಪಾನಿನದೇ ಆದ ಹಳೆಯ ದೇವತಾರಾಧನೆ. ಮಗು ಹುಟ್ಟಿ ಸುಮಾರು ಒಂದು ತಿಂಗಳಾದ ಮೇಲೆ ಶಿಂತೋ ಗುಡಿಗೆ ಎತ್ತಿಕೊಂಡು ಹೋಗುತ್ತಾರೆ. ಎಷ್ಟೋ ಜನರ ಮದುವೆ ಚರ್ಚಿನ ಮಾದರಿಯ ಹಾಲಿನಲ್ಲಿ, ಬಿಳಿ ಗೌನಿನಲ್ಲಿ ನಡೆಯುತ್ತದೆ. ಸತ್ತಾಗ ಬೌದ್ಧ ಭಿಕ್ಷು ಬಂದು ಸೂತ್ರ ಹೇಳುತ್ತಾರೆ. ಇದರಲ್ಲಿ ಅವರಿಗೆ ಯಾವ ಗೊಂದಲವೂ ಇಲ್ಲ. ನಿಮ್ಮ ಧರ್ಮ ಯಾವುದು ಅಂತ ಕೇಳಿದರೆ ಅಂಥದ್ದೇನೂ ಇಲ್ಲ ಅನ್ನುವವರೇ ಜಾಸ್ತಿ. ಅದೇ ಜನ ಜನವರಿ 1ರ ಕೊರೆಯುವ ಚಳಿಯಲ್ಲಿ ಗುಡಿಯ ಮುಂದೆ ಸಾಲುಗಟ್ಟಿ ನಿಂತಿರುತ್ತಾರೆ.

ಡಿಸೆಂಬರ್ 31ರ ರಾತ್ರಿ ಬೌದ್ಧ ದೇವಾಲಯಗಳಲ್ಲಿ ದೊಡ್ಡ ಗಂಟೆಯನ್ನು 108 ಸಲ ಬಾರಿಸುತ್ತಾರೆ. ಅದನ್ನು ಕೇಳಿದ ಮೇಲೆ ಕೆಲವೇ ಗಂಟೆಗಳಲ್ಲಿ ಶಿಂತೋ ಗುಡಿಗೆ ಹೊರಡುತ್ತಾರೆ. ಟೋಕಿಯೊದ ಮೇಜಿ ಜಿಂಗೂ ಗುಡಿಯೊಂದಕ್ಕೇ ವರ್ಷದ ಮೊದಲ ಮೂರು ದಿನಗಳಲ್ಲಿ ಸುಮಾರು 30 ಲಕ್ಷ ಜನ ಬರುತ್ತಾರೆ. ಸಾವಿರಕ್ಕೂ ಹೆಚ್ಚು ವರ್ಷ ಈ ಎರಡೂ ಧರ್ಮಗಳು ಒಂದೇ ಆವರಣದಲ್ಲಿ ಬೆರೆತುಕೊಂಡಿದ್ದವು. 1868ರಲ್ಲಿ ಮೇಜಿ ಸರ್ಕಾರ ಆಜ್ಞೆ ಹೊರಡಿಸಿ ಅವುಗಳನ್ನು ಬೇರೆ ಮಾಡಿತು. ಜನರ ಮನಸ್ಸಿನಲ್ಲಿ ಮಾತ್ರ ಅವು ಇವತ್ತಿಗೂ ಪೂರ್ತಿ ಬೇರೆಯಾಗಿಲ್ಲ.

ಎದುರಿಗಿರುವುದು ಶಿಂತೋ ಗುಡಿಯೋ ಬೌದ್ಧ ದೇವಾಲಯವೋ ಅಂತ ಗುರುತಿಸೋದು ಹೇಗೆ?

ಮುಂದೆ ತೊರಿಯಿ ಇದ್ದರೆ, ಅಂದರೆ ಎರಡು ಕಂಬದ ಮೇಲೆ ಅಡ್ಡ ತೊಲೆ ಇರುವ ಬಾಗಿಲಿಲ್ಲದ ದ್ವಾರ ಇದ್ದರೆ, ಅದು ಸಾಮಾನ್ಯವಾಗಿ ಶಿಂತೋ ಗುಡಿ. ಅಲ್ಲಿ ಕೈ ಬಾಯಿ ತೊಳೆದು, ನಾಣ್ಯ ಹಾಕಿ, ಎರಡು ಸಲ ತಲೆ ಬಾಗಿಸಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಂದು ಸಲ ತಲೆ ಬಾಗಿಸುತ್ತಾರೆ. ಊದುಬತ್ತಿಯ ಹೊಗೆ, ಬುದ್ಧನ ಮೂರ್ತಿ, ದೊಡ್ಡ ಗಂಟೆ ಕಂಡರೆ ಅದು ಬೌದ್ಧ ದೇವಾಲಯ. ಅಲ್ಲಿ ಚಪ್ಪಾಳೆ ತಟ್ಟಬೇಡಿ. ಸುಮ್ನೆ ಕೈ ಮುಗಿದರೆ ಸಾಕು.

ನಮ್ಮ ಸರಸ್ವತಿ, ಗಣೇಶ ಅಲ್ಲಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಬರುತ್ತಿರುತ್ತದೆ. ನಿಜವಾ?

ಇದು ನಿಜ. ಬೌದ್ಧ ಧರ್ಮದ ಜೊತೆ ಚೀನಾದ ದಾರಿಯಲ್ಲಿ ಹೋದವರು ಇವರು. ಸರಸ್ವತಿ ಅಲ್ಲಿ ಬೆನ್ಜೈತೆನ್. ಕೈಯಲ್ಲಿ ವೀಣೆಯ ಜಾಗದಲ್ಲಿ ಬಿವಾ ಎಂಬ ತಂತಿವಾದ್ಯ ಇರುತ್ತದೆ. ನೀರಿನ ನಂಟು ಬಿಟ್ಟಿಲ್ಲ. ಎನೊಶಿಮಾ, ಚಿಕುಬುಶಿಮಾದಂಥ ದ್ವೀಪಗಳಲ್ಲೇ ಅವಳ ಹೆಸರಾಂತ ಗುಡಿಗಳಿವೆ. ಕುಬೇರ ಬಿಶಾಮೊನ್‌ತೆನ್ ಆಗಿದ್ದಾನೆ. ಯಮ ಎನ್ಮಾ ಆಗಿದ್ದಾನೆ. ಟೋಕಿಯೊದ ಶಿಬಾಮಾತಾದಲ್ಲಿ ಇಂದ್ರನಿಗೆ, ಅಂದರೆ ತೈಶಾಕುತೆನ್‌ಗೆ, ಒಂದು ಸೊಗಸಾದ ದೇವಾಲಯವಿದೆ. ಅಸಾಕುಸಾದ ಮತ್ಸುಚಿಯಾಮಾ ಶೋದೆನ್‌ನಲ್ಲಿ ಇರುವುದು ಗಣೇಶನ ಜಪಾನೀ ರೂಪ. ಅಲ್ಲಿ ಭಕ್ತರು ಮೂಲಂಗಿ ಅರ್ಪಿಸುತ್ತಾರೆ. ಮೂಲ ಮೂರ್ತಿಯನ್ನು ಜನರಿಗೆ ತೋರಿಸುವುದಿಲ್ಲ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ನಾರಾದ ತೋದಾಯ್‌ಜಿ ದೇವಾಲಯದ ಕಥೆ. ಅಲ್ಲಿನ ಕಂಚಿನ ಮಹಾಬುದ್ಧನಿಗೆ 752ರಲ್ಲಿ ಕಣ್ಣು ಬರೆದವರು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ಕುಂಚಕ್ಕೆ ಉದ್ದದ ದಾರಗಳನ್ನು ಕಟ್ಟಿದ್ದರಂತೆ. ಕೆಳಗೆ ನಿಂತವರು ಆ ದಾರಗಳನ್ನು ಹಿಡಿದುಕೊಂಡು, ಕಣ್ಣು ಬರೆಯುವ ಪುಣ್ಯದಲ್ಲಿ ತಾವೂ ಪಾಲು ಪಡೆದರು. ಆ ಕುಂಚ ನಾರಾದ ಶೋಸೊಯಿನ್ ಭಂಡಾರದಲ್ಲಿ ಈಗಲೂ ಇದೆ.

ಒಂದು ಮಾತು. ಇದನ್ನೆಲ್ಲ ಓದಿ, ಅವರದೇನೂ ಇಲ್ಲ ಎಲ್ಲ ನಮ್ಮದೇ ಅಂತ ಎದೆ ತಟ್ಟಿಕೊಳ್ಳುವುದು ಸರಿಯಲ್ಲ. ಮಹಾಕಾಲನನ್ನೇ ನೋಡಿ. ಅಲ್ಲಿ ಅವನು ಅಕ್ಕಿ ಮೂಟೆಯ ಮೇಲೆ ನಿಂತು, ಕೈಯಲ್ಲಿ ಸುತ್ತಿಗೆ ಹಿಡಿದು, ಬಾಯಿ ತುಂಬ ನಗುವ ದೈಕೊಕು ಆಗಿದ್ದಾನೆ. ಅವನನ್ನು ಹಾಗೆ ಬೆಳೆಸಿದ್ದು ಜಪಾನಿನ ಜನ.

ಯಾವುದೋ ಗುಡಿಯನ್ನು 20 ವರ್ಷಕ್ಕೊಮ್ಮೆ ಬಿಚ್ಚಿ ಹೊಸದಾಗಿ ಕಟ್ಟುತ್ತಾರಂತೆ. ಹಾಗಿದ್ದರೆ ಅದು ಹಳೆಯ ಗುಡಿ ಹೇಗಾಗುತ್ತದೆ?

ನೀವು ಕೇಳುತ್ತಿರುವುದು ಇಸೆ ಜಿಂಗೂ ಬಗ್ಗೆ. ಮಿಎ ಪ್ರಾಂತ್ಯದಲ್ಲಿದೆ. ಸೂರ್ಯದೇವಿ ಅಮಾತೆರಾಸುವಿನ ಗುಡಿ ಅದು. ಶಿಂತೋ ಗುಡಿಗಳಲ್ಲೆಲ್ಲ ಅದಕ್ಕೇ ದೊಡ್ಡ ಸ್ಥಾನ. ಅಕ್ಕಪಕ್ಕದಲ್ಲಿ ಎರಡು ನಿವೇಶನಗಳಿವೆ. ಒಂದರಲ್ಲಿ ಗುಡಿ ಇರುತ್ತದೆ, ಇನ್ನೊಂದು ಖಾಲಿ. 20 ವರ್ಷವಾದಾಗ ಖಾಲಿ ಜಾಗದಲ್ಲಿ ಅದೇ ಅಳತೆಯ ಹೊಸ ಗುಡಿ ಕಟ್ಟಿ, ರಾತ್ರಿ ಹೊತ್ತು ದೇವಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ಆಮೇಲೆ ಹಳೆಯದನ್ನು ಬಿಚ್ಚುತ್ತಾರೆ. 690ರಲ್ಲಿ ಶುರುವಾದ ಈ ಪದ್ಧತಿ, ಯುದ್ಧಗಳ ಕಾಲದಲ್ಲಿ ಒಂದಷ್ಟು ತಪ್ಪಿದರೂ, ನಿಂತು ಹೋಗಿಲ್ಲ. 62ನೆಯದು 2013ರಲ್ಲಿ ನಡೆಯಿತು. ಮುಂದಿನದು 2033ರಲ್ಲಿ.

ಗುಡಿಯ ಮರ ಹಿನೊಕಿ ಎಂಬ ಜಪಾನಿನ ಸೈಪ್ರೆಸ್. ಹುಲ್ಲಿನ ಚಾವಣಿ. ಬುಡ ನೇರ ಮಣ್ಣಿನಲ್ಲಿ ನೆಟ್ಟ ಕಂಬಗಳು. ಇಂಥ ಕಟ್ಟಡ ಮಳೆ ನಾಡಿನಲ್ಲಿ ಎಷ್ಟು ದಿನ ತಡೆಯುತ್ತದೆ ಹೇಳಿ? ಆದರೆ 20 ವರ್ಷದ ಲೆಕ್ಕದಲ್ಲಿ ಇನ್ನೊಂದು ಜಾಣತನವಿದೆ. ಮೊದಲ ಸಲ ಕೈಗೆ ಉಳಿ ಹಿಡಿದ ಹುಡುಗ, ಎರಡನೆಯ ಸಲಕ್ಕೆ ಪಳಗಿದ ಬಡಗಿ ಆಗಿರುತ್ತಾನೆ, ಮೂರನೆಯ ಸಲಕ್ಕೆ ಕಲಿಸುವವನಾಗಿರುತ್ತಾನೆ. ಕಟ್ಟಡದ ಜೊತೆಗೆ ದೇವಿಯ ಬಟ್ಟೆ, ಕತ್ತಿ, ಪೆಟ್ಟಿಗೆಗಳನ್ನೂ ಹೊಸದಾಗಿ ಮಾಡುತ್ತಾರೆ. ಅಂದರೆ ನೇಯುವವರ, ಅರಗು ಬಳಿಯುವವರ, ಕಮ್ಮಾರರ ಕೈಗಳೂ ತರಬೇತಿಯಲ್ಲಿರುತ್ತವೆ. ಬಿಚ್ಚಿದ ಮರವನ್ನು ಬೇರೆ ಬೇರೆ ಊರಿನ ಗುಡಿಗಳಿಗೆ ಕೊಡುತ್ತಾರೆ. ಆ ಮರಕ್ಕೆ ಅಲ್ಲಿ ಮತ್ತೊಂದು ಬಾಳು.

ಹಾಗಾಗಿ ಇಸೆಯ ಗುಡಿಗೆ ಎಷ್ಟು ವಯಸ್ಸು ಅಂತ ಕೇಳಿದರೆ ನಾನು 1300 ವರ್ಷ ಅಂತಲೇ ಹೇಳುತ್ತೇನೆ. ಮರದ ವಯಸ್ಸು ಎಷ್ಟಾದರೂ ಇರಲಿ, ಕೆಲಸದ ವಯಸ್ಸು ಅಷ್ಟು.

ಒಂದೇ ಒಂದು ಹಬ್ಬ ನೋಡಬೇಕು ಅಂದರೆ ಯಾವುದು?

ಕ್ಯೋಟೋದ ಗಿಯೋನ್ ಮತ್ಸುರಿ. ನಾನು ಎರಡನೆಯ ಯೋಚನೆ ಮಾಡುವುದಿಲ್ಲ.

869ರಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ, ಅದನ್ನು ಓಡಿಸಲು 66 ಪ್ರಾಂತ್ಯಗಳ ಲೆಕ್ಕದಲ್ಲಿ 66 ಈಟಿಗಳನ್ನು ನಿಲ್ಲಿಸಿ ಪೂಜೆ ಮಾಡಿದರು. ಅಲ್ಲಿಂದ ಬೆಳೆದ ಹಬ್ಬ ಇದು. ಯಸಾಕಾ ಗುಡಿಯದು. ಜುಲೈ ತಿಂಗಳಿಡೀ ನಡೆಯುತ್ತದೆ. ದೊಡ್ಡ ಮೆರವಣಿಗೆ 17ಕ್ಕೆ ಮತ್ತು 24ಕ್ಕೆ. ದೊಡ್ಡ ರಥಗಳನ್ನು ಮೊಳೆ ಹೊಡೆಯದೆ, ಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟುತ್ತಾರೆ. ಕೆಲವು ರಥಗಳ ತೂಕ 12 ಟನ್ ಹತ್ತಿರ, ತುದಿಯ ಕಂಬ ಸುಮಾರು 25 ಮೀಟರ್ ಎತ್ತರ. ಸುತ್ತ ನೇತು ಹಾಕುವ ಬಟ್ಟೆಗಳಲ್ಲಿ 16ನೇ ಶತಮಾನದಲ್ಲಿ ಬೆಲ್ಜಿಯಂನಲ್ಲಿ ನೇಯ್ದದ್ದೂ ಇದೆ. ಕ್ಯೋಟೋದ ವ್ಯಾಪಾರಿಗಳು ತಮ್ಮ ಬೀದಿಯ ರಥಕ್ಕೆ ಕೈಬಿಚ್ಚಿ ಖರ್ಚು ಮಾಡುತ್ತಿದ್ದರು.

ಮೆರವಣಿಗೆಯಲ್ಲಿ ನಿಲ್ಲಬೇಕಾದ ಜಾಗ ರಸ್ತೆಯ ಮೂಲೆ. ಈ ರಥಗಳ ಮರದ ಚಕ್ರ ತಿರುಗಿಸಲು ಬರುವುದಿಲ್ಲ, ನೇರ ಮಾತ್ರ ಹೋಗುತ್ತದೆ. ಹಾಗಾದರೆ ಮೂಲೆಯಲ್ಲಿ ಏನು ಮಾಡುತ್ತಾರೆ? ಸೀಳಿದ ಹಸಿ ಬಿದಿರಿನ ಪಟ್ಟಿಗಳನ್ನು ಚಕ್ರದ ಕೆಳಗೆ ಹಾಸುತ್ತಾರೆ. ಮೇಲೆ ನೀರು ಸುರಿಯುತ್ತಾರೆ. ರಥದ ಮುಂಭಾಗದಲ್ಲಿ ನಿಂತವರು ಬೀಸಣಿಗೆ ಚಾಚಿ ಕೂಗು ಹಾಕುತ್ತಾರೆ. ಪಕ್ಕಕ್ಕೆ ನಿಂತ ಹತ್ತಾರು ಜನ ಹಗ್ಗ ಹಿಡಿದು ಒಂದೇ ಸಲಕ್ಕೆ ಜಗ್ಗುತ್ತಾರೆ. ಬಿದಿರು ಕಿರ್ರೆನ್ನುತ್ತದೆ, ಮೇಲಿನ ಕಂಬ ತೂಗಾಡುತ್ತದೆ, ಇಡೀ ರಥ ಅಡ್ಡಡ್ಡ ಜಾರುತ್ತದೆ. ಒಂದೇ ಎಳೆತಕ್ಕೆ ಪೂರ್ತಿ ತಿರುಗುವುದಿಲ್ಲ. ಮತ್ತೆ ಬಿದಿರು, ಮತ್ತೆ ನೀರು, ಮತ್ತೆ ಎಳೆತ. ತಿರುಗಿ ನಿಂತಾಗ ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟುತ್ತದೆ.

ಓಫುನೆ-ಹೊಕೊ ಎಂಬ ಹಡಗಿನ ಆಕಾರದ ರಥ 1864ರ ಬೆಂಕಿಯಲ್ಲಿ ಸುಟ್ಟು ಹೋಗಿತ್ತು. ಆ ಬೀದಿಯವರು ಅದನ್ನು ಮರೆಯಲಿಲ್ಲ. ಮತ್ತೆ ಕಟ್ಟಿ, 150 ವರ್ಷಗಳ ನಂತರ 2014ರಲ್ಲಿ ಮೆರವಣಿಗೆಗೆ ಎಳೆದು ತಂದರು.

ಮಾರ್ಚ್‌ನಲ್ಲಿ ಬೊಂಬೆ ಕೂರಿಸುತ್ತಾರಂತೆ. ನಮ್ಮ ದಸರಾ ಬೊಂಬೆಗೂ ಅದಕ್ಕೂ ಸಂಬಂಧ ಇದೆಯಾ?

ಸಂಬಂಧ ಇದೆ ಅನ್ನಲು ಆಧಾರವಿಲ್ಲ. ನೋಡಿದರೆ ಮಾತ್ರ ಯಾವ ಮೈಸೂರಿನವರಿಗೂ ಮನೆ ನೆನಪಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ಕೆಂಪು ಬಟ್ಟೆ ಹಾಸಿ, ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿಯರನ್ನು ಕೂರಿಸುತ್ತಾರೆ. ಕೆಳಗೆ ಮೂವರು ಸಖಿಯರು, ಅದರ ಕೆಳಗೆ ಐವರು ವಾದ್ಯಗಾರರು. ಮಾರ್ಚ್ 3ರ ಈ ಹಿನಾ ಮತ್ಸುರಿ ಹೆಣ್ಣುಮಕ್ಕಳ ಹಬ್ಬ. ಕಾಗದದ ಗೊಂಬೆಗೆ ತಮ್ಮ ಕೆಡುಕನ್ನೆಲ್ಲ ದಾಟಿಸಿ ಹೊಳೆಗೆ ಬಿಡುವ ಹಳೆಯ ಆಚರಣೆ ಇದರ ಒಂದು ಬೇರು. ಕೆಲವು ಊರುಗಳಲ್ಲಿ ಈಗಲೂ ಹಾಗೆ ಬಿಡುತ್ತಾರೆ. ಹಬ್ಬ ಮುಗಿದ ಕೂಡಲೇ ಬೊಂಬೆ ತೆಗೆದಿಡದಿದ್ದರೆ ಮಗಳ ಮದುವೆ ತಡವಾಗುತ್ತದೆ ಅಂತ ಅಜ್ಜಿಯಂದಿರು ಅವಸರ ಮಾಡುತ್ತಾರೆ.

ಚೆರ್ರಿ ಹೂವಿಗೆ ಅಷ್ಟೊಂದು ಗಲಾಟೆ ಯಾಕೆ? ಬೆಂಗಳೂರಲ್ಲೂ ಅರಳುತ್ತದಲ್ವಾ?

ಬೆಂಗಳೂರಿನ ರಸ್ತೆಗಳಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುವುದು ತಬೆಬುಯಾ. ಅದರ ತವರು ದಕ್ಷಿಣ ಮತ್ತು ಮಧ್ಯ ಅಮೆರಿಕ. ಚೆಂದದ ಮರ, ಆದರೆ ಅದು ಸಕುರಾ, ಅಂದರೆ ಜಪಾನಿನ ಚೆರ್ರಿ, ಅಲ್ಲ.

ಜಪಾನಿನಲ್ಲಿ ಹೆಚ್ಚಾಗಿ ಕಾಣುವುದು ಸೊಮೆಯಿ ಯೋಶಿನೊ ಎಂಬ ತಳಿ. ಇದನ್ನು ಕಸಿ ಕಟ್ಟಿಯೇ ಬೆಳೆಸುತ್ತಾರೆ. ಅಂದರೆ ಎಲ್ಲ ಮರವೂ ಒಂದೇ ಮರದ ತದ್ರೂಪು. ಅದಕ್ಕೇ ಒಂದು ಊರಿನ ಮರಗಳೆಲ್ಲ ಒಟ್ಟಿಗೇ ಅರಳಿ ಒಟ್ಟಿಗೇ ಉದುರುತ್ತವೆ. ಟೋಕಿಯೊದಲ್ಲಿ ಯಾಸುಕುನಿ ಗುಡಿಯ ಆವರಣದಲ್ಲಿ ಒಂದು ಗೊತ್ತುಪಡಿಸಿದ ಮರ ಇದೆ. ಹವಾಮಾನ ಇಲಾಖೆಯವರು ಬಂದು ನೋಡುತ್ತಾರೆ. ಐದಾರು ಹೂ ಬಿಟ್ಟಿದ್ದರೆ ಹೂವಿನ ಕಾಲ ಶುರುವಾಯಿತು ಅಂತ ಘೋಷಣೆ. ಸುತ್ತ ಟಿವಿ ಕ್ಯಾಮೆರಾಗಳು! ಅಲ್ಲಿಂದ ಸುಮಾರು ಒಂದು ವಾರಕ್ಕೆ ಮರ ತುಂಬ ಹೂ. ಒಂದು ಮಳೆ ಗಾಳಿ ಬಂದರೆ ಮುಗಿಯಿತು. ಮರದ ಕೆಳಗೆ ನೀಲಿ ಟಾರ್ಪಾಲು ಹಾಸಿ, ಬುತ್ತಿ ಬಿಚ್ಚಿ, ಆಫೀಸಿನವರು, ನೆರೆಹೊರೆಯವರು ಕುಳಿತು ತಿಂದು ಕುಡಿಯುತ್ತಾರೆ. ಅದೇ ಹನಾಮಿ.

ಕ್ಯೋಟೋದಲ್ಲಿ ಹೂ ಅರಳಿದ ದಿನಗಳನ್ನು 9ನೇ ಶತಮಾನದಿಂದಲೂ ಆಸ್ಥಾನದ ದಿನಚರಿಗಳಲ್ಲಿ ಬರೆದಿಟ್ಟಿದ್ದಾರೆ. ಆ ದಾಖಲೆಗಳ ಪ್ರಕಾರ 2021ರ ಮಾರ್ಚ್ 26, ಸಾವಿರದ ಇನ್ನೂರು ವರ್ಷಗಳಲ್ಲೇ ಅತಿ ಬೇಗ ಪೂರ್ತಿ ಅರಳಿದ ದಿನಗಳ ಸಾಲಿಗೆ ಸೇರಿತು. ಹೂ ನೋಡುವ ಖುಷಿಗೆ ಬರೆದಿಟ್ಟದ್ದು ಇವತ್ತು ಹವಾಮಾನ ಬದಲಾವಣೆಯ ಸಾಕ್ಷಿಯಾಗಿದೆ.

ಒಬೋನ್ ಅಂದರೆ ಏನು?

ತೀರಿಕೊಂಡ ಹಿರಿಯರು ಮನೆಗೆ ಬಂದು ಹೋಗುವ ದಿನಗಳು. ಹೆಚ್ಚಿನ ಕಡೆ ಆಗಸ್ಟ್ 13ರಿಂದ 16. ಟೋಕಿಯೊದ ಕೆಲವು ಕಡೆ ಜುಲೈನಲ್ಲೇ ಮಾಡುತ್ತಾರೆ. ಬರಮಾಡಿಕೊಳ್ಳಲು ಮನೆ ಮುಂದೆ ಸಣ್ಣ ಬೆಂಕಿ, ಕಳಿಸಿಕೊಡಲು ಮತ್ತೊಂದು. ಸೌತೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ ಕುದುರೆ ಮಾಡುತ್ತಾರೆ, ಬದನೆಕಾಯಿಗೆ ಚುಚ್ಚಿ ಹಸು ಮಾಡುತ್ತಾರೆ. ಬರುವಾಗ ಕುದುರೆ ಏರಿ ಬೇಗ ಬರಲಿ, ಹೋಗುವಾಗ ಹಸುವಿನ ಮೇಲೆ ನಿಧಾನವಾಗಿ ಹೋಗಲಿ ಅಂತ. ಆಗಸ್ಟ್ 16ರ ರಾತ್ರಿ 8 ಗಂಟೆಗೆ ಕ್ಯೋಟೋದ ಬೆಟ್ಟಗಳ ಮೇಲೆ ದೊಡ್ಡ ದೊಡ್ಡ ಅಕ್ಷರಗಳ ಆಕಾರದಲ್ಲಿ ಬೆಂಕಿ ಹಚ್ಚುತ್ತಾರೆ.

ಸಂಜೆ ಬಯಲಿನಲ್ಲಿ ಎತ್ತರದ ಅಟ್ಟ ಕಟ್ಟಿ, ನಡುವೆ ಡೋಲು ಇಟ್ಟು, ಸುತ್ತ ಎಲ್ಲರೂ ಬೋನ್ ಕುಣಿತ ಕುಣಿಯುತ್ತಾರೆ. ಹೆಜ್ಜೆ ಸುಲಭ. ಗೊತ್ತಿಲ್ಲದಿದ್ದರೆ ಮುಂದಿನವರನ್ನು ನೋಡಿ ಮಾಡಿದರಾಯಿತು. ಹಳೆಯ ಜಾನಪದ ಹಾಡುಗಳ ಜೊತೆ ಡೋರೆಮಾನ್ ಹೆಸರಿನಲ್ಲೂ ಒಂದು ಕುಣಿತದ ಹಾಡು ಇದೆ. ಅಜ್ಜಿ ಮೊಮ್ಮಗಳು ಇಬ್ಬರೂ ಅದಕ್ಕೆ ಒಂದೇ ಸಾಲಿನಲ್ಲಿ ಹೆಜ್ಜೆ ಹಾಕುತ್ತಾರೆ.

ಒಂದು ಬಟ್ಟಲು ಚಹಾ ಕುಡಿಯಲು ಗಂಟೆಗಟ್ಟಲೆ ಬೇಕಾ?

ಪೂರ್ತಿ ಚಹಾ ಕೂಟ, ಊಟವೂ ಸೇರಿದರೆ, ನಾಲ್ಕು ಗಂಟೆ ಹಿಡಿಯುತ್ತದೆ. ಪ್ರವಾಸಿಗರಿಗೆ ತೋರಿಸುವುದು ಮುಕ್ಕಾಲು ಗಂಟೆಯ ಚಿಕ್ಕ ರೂಪ.

ಇವತ್ತಿನ ಚಹಾ ಪದ್ಧತಿಗೆ ಮೂಲಪುರುಷ ಸೆನ್ ನೊ ರಿಕ್ಯೂ (1522–1591). ಬಂಗಾರದ ಚಹಾ ಕೋಣೆ ಮಾಡಿಸಿಕೊಂಡಿದ್ದ ಹಿದೆಯೋಶಿ ಎಂಬ ದೊರೆಯ ಆಸ್ಥಾನದಲ್ಲಿ ಇದ್ದುಕೊಂಡು, ಮಣ್ಣಿನ ಗೋಡೆಯ ಎರಡು ಚಾಪೆಯಷ್ಟು ಜಾಗ ಸಾಕು ಅಂತ ತೋರಿಸಿದವರು. ಒಳಗೆ ಹೋಗಲು ಇಡುವ ಬಾಗಿಲು ಎರಡು ಅಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಯಾರಾದರೂ ಮಂಡಿಯೂರಿ, ತಲೆ ಬಗ್ಗಿಸಿಯೇ ಒಳಗೆ ನುಸುಳಬೇಕು. ಸಮುರಾಯಿ ಸೊಂಟದ ಕತ್ತಿಯನ್ನು ಹೊರಗೇ ಬಿಡಬೇಕು. ಕೊನೆಗೆ ಅದೇ ಹಿದೆಯೋಶಿಯ ಆಜ್ಞೆಯಂತೆ ರಿಕ್ಯೂ ಪ್ರಾಣ ಕಳೆದುಕೊಳ್ಳಬೇಕಾಯಿತು. ಅವರ ವಂಶದ ಮೂರು ಮನೆತನಗಳು ಕ್ಯೋಟೋದಲ್ಲಿ ಇವತ್ತಿಗೂ ಚಹಾ ಕಲಿಸುತ್ತಿವೆ.

ನೀವು ಕುಳಿತಾಗ ಇಷ್ಟು ಗೊತ್ತಿದ್ದರೆ ಸಾಕು: ಮೊದಲು ಸಿಹಿ ತಿನ್ನಿ, ಆಮೇಲೆ ಕಹಿ ಮಾಚಾ, ಅಂದರೆ ಹಸಿರು ಚಹಾ ಪುಡಿ ಕದಡಿದ ಚಹಾ. ಬಟ್ಟಲಿನ ಚೆಂದದ ಮುಖ ನಿಮ್ಮ ಕಡೆಗಿರುತ್ತದೆ. ಅದಕ್ಕೆ ಬಾಯಿ ತಾಗದಂತೆ ಸ್ವಲ್ಪ ತಿರುಗಿಸಿ ಕುಡಿಯಿರಿ.

ಕಬುಕಿ, ನೋ ನಾಟಕ ಅರ್ಥವಾಗುತ್ತದಾ?

ನೋ ತುಂಬ ನಿಧಾನ. ಮುಖವಾಡ, ಕೆಲವೇ ಹೆಜ್ಜೆ, ದೀರ್ಘ ಮೌನ. ಮೊದಲ ಸಲಕ್ಕೆ ಕಬುಕಿಯೇ ಒಳ್ಳೆಯದು. 1603ರಲ್ಲಿ ಒಕುನಿ ಎಂಬ ಹೆಂಗಸು ಕ್ಯೋಟೋದ ನದಿ ದಂಡೆಯಲ್ಲಿ ಶುರು ಮಾಡಿದ ಕುಣಿತದಿಂದ ಬಂದದ್ದು. 1629ರಲ್ಲಿ ಹೆಂಗಸರು ರಂಗದ ಮೇಲೆ ಬರುವುದನ್ನೇ ಸರ್ಕಾರ ನಿಷೇಧಿಸಿತು. ಹೆಂಗಸು ಹುಟ್ಟುಹಾಕಿದ ಕಲೆಯಲ್ಲಿ ಇವತ್ತು ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಾರೆ. ಟೋಕಿಯೊದ ಗಿನ್ಜಾದಲ್ಲಿರುವ ಕಬುಕಿ-ಜಾದಲ್ಲಿ ಒಂದೇ ಅಂಕಕ್ಕೆ ಟಿಕೆಟ್ ಸಿಗುತ್ತದೆ. ಮಾಂಗಾ ಕಥೆಗಳನ್ನೂ ಈಗ ಕಬುಕಿ ಮಾಡುತ್ತಾರೆ. 'ಒನ್ ಪೀಸ್' 2015ರಲ್ಲಿ ಹೀಗೆ ರಂಗಕ್ಕೆ ಬಂತು.

ಗೇಶಾ ಅಂದರೆ ಯಾರು? ಅವರ ಬಗ್ಗೆ ಏನೇನೋ ಕೇಳಿದ್ದೇವೆ.

ಹಾಡು, ಕುಣಿತ, ಶಾಮಿಸೆನ್ ಎಂಬ ತಂತಿವಾದ್ಯದ ವಾದನ ಕಲಿತು ಔತಣಗಳಲ್ಲಿ ಅತಿಥಿಗಳನ್ನು ರಂಜಿಸುವ ಕಲಾವಿದೆಯರು. ಮೈ ಮಾರುವವರು ಅಂತ ಹಬ್ಬಿರುವ ಮಾತು ಅವರಿಗೆ ಮಾಡುವ ಅವಮಾನ. ಕ್ಯೋಟೋದಲ್ಲಿ ಅವರನ್ನು ಗೇಯ್ಕೊ ಅನ್ನುತ್ತಾರೆ, ಇನ್ನೂ ಕಲಿಯುತ್ತಿರುವ ಹುಡುಗಿಯರನ್ನು ಮಾಯ್ಕೊ ಅನ್ನುತ್ತಾರೆ. ಕೆಲಸಕ್ಕೆ ಅವಸರದಲ್ಲಿ ನಡೆದು ಹೋಗುವ ಆ ಹುಡುಗಿಯರನ್ನು ಪ್ರವಾಸಿಗರು ಅಡ್ಡಗಟ್ಟಿ, ಕಿಮೋನೊ ಎಳೆದು ಫೋಟೋ ತೆಗೆಯುವ ಕಾಟ ಎಷ್ಟು ಹೆಚ್ಚಿತೆಂದರೆ, 2024ರಲ್ಲಿ ಕ್ಯೋಟೋದ ಗಿಯೋನ್ ಬಡಾವಣೆಯ ಖಾಸಗಿ ಓಣಿಗಳಿಗೆ ಪ್ರವಾಸಿಗರು ಬರಬಾರದು, ಬಂದರೆ 10,000 ಯೆನ್ ದಂಡ ಅಂತ ಬೋರ್ಡ್ ಹಾಕಿದರು. ದಯವಿಟ್ಟು ಹಾಗೆ ಮಾಡಬೇಡಿ. ರಂಗದ ಮೇಲೆ ಅವರ ಕುಣಿತ ನೋಡಬೇಕೆಂದರೆ ವಸಂತದಲ್ಲಿ ಸಾರ್ವಜನಿಕ ಪ್ರದರ್ಶನಗಳಿರುತ್ತವೆ, ಟಿಕೆಟ್ ತೆಗೆದುಕೊಳ್ಳಿ.

ಸುಮೋ ಕ್ರೀಡೆಯೋ ಪೂಜೆಯೋ?

ಎರಡೂ ಹೌದು. ಅಖಾಡದ ಮೇಲೆ ತೂಗುವ ಚಾವಣಿ ಶಿಂತೋ ಗುಡಿಯದೇ ಆಕಾರ. ಉಪ್ಪು ಎರಚುವುದು ಜಾಗ ಶುದ್ಧ ಮಾಡಲು. ಕುಸ್ತಿ ಮಾತ್ರ ಅಪ್ಪಟ ಪೈಪೋಟಿ. 4.55 ಮೀಟರ್ ವೃತ್ತದಿಂದ ಹೊರಗೆ ಕಾಲಿಟ್ಟರೆ, ಅಥವಾ ಪಾದ ಬಿಟ್ಟು ಮೈಯ ಬೇರೆ ಯಾವ ಭಾಗವಾದರೂ ನೆಲ ಮುಟ್ಟಿದರೆ ಸೋಲು. ತೂಕದ ವರ್ಗಗಳಿಲ್ಲ. ವರ್ಷಕ್ಕೆ ಆರು ಟೂರ್ನಿ, ಒಂದೊಂದೂ 15 ದಿನ. ಮೇಲಿನ ಎರಡು ದರ್ಜೆಯವರಿಗೆ ಮಾತ್ರ ಸಂಬಳ. ಕೆಳಗಿನವರು ಅಡುಗೆ, ಕಸ, ಹಿರಿಯರ ಸೇವೆ ಮಾಡಿಕೊಂಡು ಮೇಲೇರಬೇಕು. ಹವಾಯಿಯ ಅಕೆಬೊನೊ 1993ರಲ್ಲಿ ಯೊಕೊಜುನಾ, ಅಂದರೆ ಸುಮೋದ ಅತಿ ಮೇಲಿನ ದರ್ಜೆಯ ಪಟು, ಆದ ಮೊದಲ ವಿದೇಶಿ. ಆಮೇಲೆ ಮಂಗೋಲಿಯಾದವರದೇ ಕಾರುಬಾರು. ಅವರಲ್ಲಿ ಹಾಕುಹೊ 45 ಟೂರ್ನಿ ಗೆದ್ದರು.

ಇದರಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದಿದೆ. ಹೆಂಗಸರು ಆ ಅಖಾಡ ಹತ್ತುವಂತಿಲ್ಲ. 2018ರಲ್ಲಿ ಮೈಜುರು ಊರಿನಲ್ಲಿ ಮೇಯರ್ ಭಾಷಣ ಮಾಡುತ್ತಾ ಅಖಾಡದಲ್ಲೇ ಕುಸಿದು ಬಿದ್ದರು. ಓಡಿ ಬಂದು ಎದೆ ಒತ್ತಿ ಜೀವ ಉಳಿಸಲು ನೋಡುತ್ತಿದ್ದ ಹೆಂಗಸರಿಗೆ, ಕೆಳಗಿಳಿಯಿರಿ ಅಂತ ಮೈಕಿನಲ್ಲಿ ಹೇಳಿದರು. ಸುಮೋ ಸಂಘದ ಮುಖ್ಯಸ್ಥರು ಕ್ಷಮೆ ಕೇಳಿದರು. ನಿಯಮ ಮಾತ್ರ ಹಾಗೇ ಇದೆ. ಎಷ್ಟೋ ಜಪಾನೀಯರಿಗೂ ಇದು ಸರಿ ಕಾಣುವುದಿಲ್ಲ.

ಮಾಂಗಾ, ಆನಿಮೆ ಮಕ್ಕಳಿಗಾಗಿಯೇ ಇರುವುದಲ್ವಾ?

ಅಲ್ಲ. ಅಪ್ಪ ಅಮ್ಮಂದಿರು ಇದನ್ನು ಮೊದಲು ತಿಳಿದುಕೊಳ್ಳಬೇಕು. ಮಾಂಗಾ ಅಂದರೆ ಚಿತ್ರಕಥೆ ಪುಸ್ತಕ, ಆನಿಮೆ ಅಂದರೆ ಅನಿಮೇಷನ್. ಹುಡುಗರಿಗೆ, ಹುಡುಗಿಯರಿಗೆ, ದೊಡ್ಡವರಿಗೆ ಅಂತ ಬೇರೆ ಬೇರೆ ಪತ್ರಿಕೆಗಳಿವೆ. ಅಡುಗೆ, ಗೋಲ್ಫ್, ಆಫೀಸು ರಾಜಕೀಯ, ಕೊಲೆ, ಪ್ರೇಮ ಎಲ್ಲದರ ಮೇಲೂ ಮಾಂಗಾ ಇದೆ. ಹಾಗಾಗಿ ಮಕ್ಕಳ ಕೈಗೆ ಕೊಡುವ ಮುಂಚೆ ಯಾವ ವಯಸ್ಸಿನವರದ್ದು ಅಂತ ನೋಡಿ.

ಇವತ್ತಿನ ಮಾಂಗಾಗೆ ದಾರಿ ಹಾಕಿದವರು ಒಸಾಮು ತೆಜುಕಾ (1928–1989). ವೈದ್ಯಕೀಯ ಓದಿದವರು, ಚಿತ್ರ ಬರೆಯುವುದನ್ನು ಆರಿಸಿಕೊಂಡರು. ಸಿನಿಮಾದ ಹಾಗೆ ದೂರ, ಹತ್ತಿರ, ಓಟ ಎಲ್ಲವನ್ನೂ ಕಾಗದದ ಮೇಲೆ ತಂದರು. ಅವರ ಪುಟ್ಟ ರೋಬೋ ಹುಡುಗ ಅತೊಮ್ 1963ರ ಜನವರಿ 1ರಂದು ಟಿವಿಗೆ ಬಂದ. ವಾರಕ್ಕೊಂದು ಅರ್ಧ ಗಂಟೆಯ ಕಂತು ತರಲು ಚಿತ್ರಗಳ ಸಂಖ್ಯೆ ಕಡಿಮೆ ಮಾಡಿ, ಒಂದೇ ಚಿತ್ರವನ್ನು ಮತ್ತೆ ಮತ್ತೆ ಬಳಸುವ ಉಪಾಯ ಮಾಡಿದರು. ಬುದ್ಧನ ಬದುಕನ್ನೂ ಅವರು ದೊಡ್ಡ ಮಾಂಗಾ ಆಗಿ ಬರೆದಿದ್ದಾರೆ.

ಮಾಂಗಾ ಪತ್ರಿಕೆಗಳ ಉತ್ತುಂಗದ ಕಾಲದಲ್ಲಿ, 1995ರ ಹೊತ್ತಿಗೆ, 'ಶೋನೆನ್ ಜಂಪ್' ವಾರಕ್ಕೆ 65 ಲಕ್ಷಕ್ಕೂ ಜಾಸ್ತಿ ಪ್ರತಿ ಅಚ್ಚಾಗುತ್ತಿತ್ತು. ಓದುಗರು ಕಳಿಸುವ ಕಾರ್ಡುಗಳಲ್ಲಿ ಮತ ಬೀಳದ ಕಥೆಯನ್ನು ಮುಲಾಜಿಲ್ಲದೆ ನಿಲ್ಲಿಸುತ್ತಾರೆ. ಕಥೆಗಳು ಅಷ್ಟು ಬಿಗಿಯಾಗಿ ಇರುವುದಕ್ಕೆ ಇದೂ ಒಂದು ಕಾರಣ. ಚಿತ್ರಗಾರರ ಆರೋಗ್ಯ ಹಾಳಾಗುವುದಕ್ಕೂ ವಾರವಾರದ ಈ ಒತ್ತಡ ಕಾರಣ.

ಭಾರತದ ನಂಟೂ ಇದೆ. ಜಪಾನಿನ ಯೂಗೊ ಸಾಕೊ ಅವರು ನಮ್ಮ ಅನಿಮೇಷನ್ ಕಲಾವಿದ ರಾಮ್ ಮೋಹನ್ ಅವರ ಜೊತೆ ಸೇರಿ 1990ರ ದಶಕದ ಆರಂಭದಲ್ಲಿ ರಾಮಾಯಣವನ್ನು ಆನಿಮೆ ಮಾಡಿದರು. ಅದು 2025ರ ಜನವರಿಯಲ್ಲಿ ನಮ್ಮ ಚಿತ್ರಮಂದಿರಗಳಿಗೆ ಮತ್ತೆ ಬಂತು.

ಆನಿಮೆಗಳಲ್ಲಿ ಇಷ್ಟೊಂದು ದೆವ್ವ, ವಿಚಿತ್ರ ಪ್ರಾಣಿಗಳು ಯಾಕೆ?

ಅವು ಯೋಕಾಯಿಗಳು. ಹೊಳೆಯಲ್ಲಿ, ಕಾಡಿನಲ್ಲಿ, ಹಳೆಯ ಛತ್ರಿಯಲ್ಲೂ ಇರುವ ಜೀವಗಳು. ಕೆಟ್ಟವೂ ಇವೆ, ತುಂಟವೂ ಇವೆ. 1776ರಲ್ಲಿ ತೊರಿಯಾಮಾ ಸೆಕಿಯೆನ್ ಎಂಬ ಚಿತ್ರಕಾರ ಇವುಗಳ ಚಿತ್ರಸಂಪುಟವನ್ನೇ ತಂದರು. 20ನೇ ಶತಮಾನದಲ್ಲಿ ಶಿಗೆರು ಮಿಜುಕಿ ಅವುಗಳನ್ನು ಮಾಂಗಾಗೆ ಎಳೆದು ತಂದರು.

ಹಳೆಯದು ಹೇಗೆ ಹೊಸದಾಗುತ್ತದೆ ಅನ್ನುವುದಕ್ಕೆ ಅಮಾಬಿಯೆ ಕಥೆ ಕೇಳಿ. 1846ರಲ್ಲಿ ಒಂದು ಸುದ್ದಿ ಹಾಳೆ ಅಚ್ಚಾಯಿತು. ಹಿಗೊ ಪ್ರಾಂತ್ಯದ ಕಡಲಲ್ಲಿ ರಾತ್ರಿ ಏನೋ ಹೊಳೆಯುತ್ತಿತ್ತಂತೆ. ಅಧಿಕಾರಿಯೊಬ್ಬರು ನೋಡಲು ಹೋದರು. ಉದ್ದ ಕೂದಲು, ಕೊಕ್ಕಿನ ಬಾಯಿ, ಮೈತುಂಬ ಮೀನಿನ ಹುರುಪೆ, ಮೂರು ಕಾಲಿನ ಪ್ರಾಣಿ ಎದ್ದು ಬಂತು. ಆರು ವರ್ಷ ಒಳ್ಳೆಯ ಬೆಳೆ ಬರುತ್ತದೆ, ರೋಗವೂ ಹಬ್ಬುತ್ತದೆ, ನನ್ನ ಚಿತ್ರ ಬರೆದು ಜನರಿಗೆ ತೋರಿಸಿ ಅಂತ ಹೇಳಿ ಮುಳುಗಿತು. ಇಷ್ಟೇ ಕಥೆ. ಜೊತೆಗೆ ಮಗು ಬರೆದಂಥ ಒಂದು ಚಿತ್ರ.

2020ರಲ್ಲಿ ಕೊರೊನಾ ಬಂದಾಗ ಯಾರಿಗೋ ಇದು ನೆನಪಾಯಿತು. ಕೆಲವೇ ದಿನಗಳಲ್ಲಿ ಟ್ವಿಟರ್ ತುಂಬ ಅಮಾಬಿಯೆ ಚಿತ್ರಗಳು. ಹೆಸರಾಂತ ಮಾಂಗಾ ಚಿತ್ರಗಾರರೂ ಬರೆದರು, ಶಾಲೆಯ ಮಕ್ಕಳೂ ಬರೆದರು. ಮಿಠಾಯಿ ಅಂಗಡಿಗಳಲ್ಲಿ ಅಮಾಬಿಯೆ ಆಕಾರದ ಸಿಹಿ ಬಂತು. ಗುಡಿಗಳು ಅದರ ಚಿತ್ರದ ತಾಯಿತ ಕೊಟ್ಟವು. ಆರೋಗ್ಯ ಸಚಿವಾಲಯವೇ ತನ್ನ ಜಾಗೃತಿ ಪೋಸ್ಟರಿನಲ್ಲಿ ಅದನ್ನು ಬಳಸಿತು. ಚಿತ್ರ ಬರೆದು ತೋರಿಸಿ ಅಂತ 1846ರಲ್ಲಿ ಹೇಳಿದ್ದನ್ನು ಇಡೀ ದೇಶ ಅಕ್ಷರಶಃ ಮಾಡಿತು.

ಆನಿಮೆ ತೀರ್ಥಯಾತ್ರೆ ಅಂತ ಇದೆಯಂತೆ?

ಇದೆ. ಕಥೆಯಲ್ಲಿ ಕಂಡ ಮೆಟ್ಟಿಲು, ರೈಲು ನಿಲ್ದಾಣ, ಗುಡಿಗಳನ್ನು ಹುಡುಕಿಕೊಂಡು ಅಭಿಮಾನಿಗಳು ಹೋಗುತ್ತಾರೆ. ಸೈತಾಮಾದ ವಾಶಿನೊಮಿಯಾ ಗುಡಿ 2007ರಲ್ಲಿ ಒಂದು ಆನಿಮೆಯಲ್ಲಿ ಕಾಣಿಸಿಕೊಂಡಿತು. ಹೊಸ ವರ್ಷಕ್ಕೆ ಬರುವ ಜನ ಕೆಲವೇ ವರ್ಷಗಳಲ್ಲಿ ಲಕ್ಷಗಟ್ಟಲೆ ಏರಿದರು. ಊರಿನವರು ಮೂಗು ಮುರಿಯಲಿಲ್ಲ. 2008ರಿಂದ ಊರ ಹಬ್ಬದಲ್ಲಿ ಆ ಪಾತ್ರಗಳ ಚಿತ್ರವಿರುವ ಪಲ್ಲಕ್ಕಿಯನ್ನೂ ಹೊತ್ತರು.

ಕ್ಯಾರಿಯೋಕಿ ಅಲ್ಲಿಂದಲೇ ಬಂದದ್ದಾ?

ಹೌದು. ಕೋಬೆ ಊರಿನ ದೈಸುಕೆ ಇನೊಯೆ 1971ರಲ್ಲಿ ತಮ್ಮ ಮೊದಲ ಯಂತ್ರಗಳನ್ನು ಮಾಡಿ ಬಾರುಗಳಿಗೆ ಬಾಡಿಗೆಗೆ ಕೊಟ್ಟರು. ಪೇಟೆಂಟ್ ಮಾಡಿಸಲಿಲ್ಲ.

ಸಸ್ಯಾಹಾರಿಗಳಿಗೆ ಊಟದ ಪಾಡೇನು?

ಕಷ್ಟ ಇದೆ, ಆದರೆ ದಾರಿಯೂ ಇದೆ. ದೊಡ್ಡ ತೊಡಕು ದಾಶಿ. ಒಣಗಿಸಿ ತುರಿದ ಮೀನು ಮತ್ತು ಕೊಂಬು ಎಂಬ ಕಡಲಪಾಚಿಯಿಂದ ತೆಗೆದ ಸಾರು ಅದು. ಮಿಸೊ ಸೂಪು, ಸೋಬಾ, ಉದೋನ್ ಎಂಬ ನೂಡಲ್ಸ್, ತರಕಾರಿ ಪಲ್ಯ, ಬಜ್ಜಿಯಂಥ ತೆಂಪುರಾ ಅದ್ದಿಕೊಳ್ಳುವ ಸಾಸು ಎಲ್ಲದರಲ್ಲೂ ಇರುತ್ತದೆ. ತರಕಾರಿ ಮಾತ್ರ ಕಾಣಿಸಿದರೂ ಮೀನು ಇರಬಹುದು. ಮಾಂಸ ಬೇಡ ಅಂದರೆ ಸಾಲದು, ನಿಕು (ಮಾಂಸ), ಸಕಾನಾ (ಮೀನು), ದಾಶಿ ಮೂರೂ ಬೇಡ ಅಂತ ಬರೆದಿಟ್ಟುಕೊಂಡು ತೋರಿಸಿ. ಪೆಟ್ಟಿಗೆಯಲ್ಲಿ ಸಿಗುವ ಕರಿ ಮಸಾಲೆ ಗಟ್ಟಿಗಳಲ್ಲೂ ಪ್ರಾಣಿ ಕೊಬ್ಬು ಸಾಮಾನ್ಯ.

ಬಾಯಿ ರುಚಿಗೂ ಮನಸ್ಸಿಗೂ ಸಮಾಧಾನ ಬೇಕೆಂದರೆ ಶೋಜಿನ್ ರ್ಯೋರಿ ಉಣ್ಣಿ. ಬೌದ್ಧ ದೇವಾಲಯಗಳ ಊಟ ಅದು. ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಎಳ್ಳಿನ ತೋಫು, ಬೇಯಿಸಿದ ಗೆಡ್ಡೆಗಳು, ಉಪ್ಪಿನಕಾಯಿ, ಅನ್ನ. ಕೋಯಾಸಾನ್ ಬೆಟ್ಟದ ಮೇಲೆ ಸುಮಾರು 50 ದೇವಾಲಯಗಳು ತಂಗಲು ಕೋಣೆಯನ್ನೂ ಈ ಊಟವನ್ನೂ ಕೊಡುತ್ತವೆ. ಇನ್ನು ಟೋಕಿಯೊದ ನಿಶಿ-ಕಸಾಯಿ ಕಡೆ ಹೋದರೆ ಐಟಿ ಕೆಲಸದ ಭಾರತೀಯ ಕುಟುಂಬಗಳು ತುಂಬ ಇವೆ, ಬೇಳೆ ಮಸಾಲೆ ಅಂಗಡಿಗಳೂ ಸಿಗುತ್ತವೆ. ಶಿಂಜುಕುವಿನ ನಕಾಮುರಾಯಾ ಹೋಟೆಲಿನಲ್ಲಿ 1927ರಿಂದ ಭಾರತೀಯ ರೀತಿಯ ಕರಿ ಬಡಿಸುತ್ತಿದ್ದಾರೆ. ಅದನ್ನು ಕಲಿಸಿಕೊಟ್ಟವರು ಬ್ರಿಟಿಷರಿಂದ ತಪ್ಪಿಸಿಕೊಂಡು ಅಲ್ಲಿ ನೆಲೆಸಿದ್ದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್. ಅದು ಕೋಳಿಯ ಕರಿ ಅನ್ನುವುದು ನೆನಪಿರಲಿ.

ನಾವು ಕಿಮೋನೊ ಉಟ್ಟರೆ ಅವರಿಗೆ ಬೇಜಾರಾಗುತ್ತದಾ?

ಇಲ್ಲ, ಖುಷಿಪಡುತ್ತಾರೆ. ಕ್ಯೋಟೋ, ಅಸಾಕುಸಾಗಳಲ್ಲಿ ದಿನಬಾಡಿಗೆಗೆ ಸಿಗುತ್ತದೆ, ಉಡಿಸಿಯೂ ಕೊಡುತ್ತಾರೆ. ಒಂದೇ ನಿಯಮ: ಎಡ ಸೆರಗು ಮೇಲೆ ಬರಬೇಕು. ಬಲ ಸೆರಗು ಮೇಲೆ ಬರುವಂತೆ ಉಡಿಸುವುದು ಹೆಣಕ್ಕೆ. ಸಾವಿನ ಜೊತೆ ಸೇರಿದ ಇನ್ನೆರಡು ಮಾತೂ ನೆನಪಿಡಿ. ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಬೇಡಿ, ಚಾಪ್‌ಸ್ಟಿಕ್‌ನಿಂದ ಚಾಪ್‌ಸ್ಟಿಕ್‌ಗೆ ತುತ್ತು ದಾಟಿಸಬೇಡಿ.

ಜಪಾನೀ ಭಾಷೆ ಕಲಿಯೋದು ಕನ್ನಡದವರಿಗೆ ಕಷ್ಟವಾ?

ಮಾತು ಸುಲಭ, ಓದು ಕಷ್ಟ. ವಾಕ್ಯದ ಕಟ್ಟು ಕನ್ನಡದ ಹಾಗೇ, ಕ್ರಿಯಾಪದ ಕೊನೆಗೆ. ಹಿರಿಯರಿಗೊಂದು ರೀತಿ, ಸ್ನೇಹಿತರಿಗೊಂದು ರೀತಿ ಮಾತಾಡುವುದೂ ನಮಗೆ ಹೊಸತಲ್ಲ. ಅಕ್ಷರಗಳ ಸಾಲು ಕೂಡ ಪರಿಚಿತ: ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಸಂಸ್ಕೃತ ಕಲಿತ ಬೌದ್ಧ ಭಿಕ್ಷುಗಳ ಮೂಲಕ ಹೋದ ಕ್ರಮ ಇದು. ಹಿರಗಾನ, ಕತಕಾನ ಎಂಬ ಎರಡು ಲಿಪಿಗಳಲ್ಲಿ ತಲಾ 46 ಅಕ್ಷರ. ಕೆಲವು ವಾರ ಕೂತರೆ ಬರುತ್ತದೆ. ಆಮೇಲೆ ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರಗಳು. ದಿನಬಳಕೆಗೆ ಅಂತ ಸರ್ಕಾರ ಗೊತ್ತುಮಾಡಿದ ಪಟ್ಟಿಯಲ್ಲೇ 2136 ಇವೆ, ಅದಕ್ಕೆ ವರ್ಷಗಳೇ ಬೇಕು. ಜೆಎಲ್‌ಪಿಟಿ ಎಂಬ ಜಪಾನೀ ಭಾಷಾ ಪರೀಕ್ಷೆ ಸುಲಭದ ಎನ್5ರಿಂದ ಕಷ್ಟದ ಎನ್1ರವರೆಗೆ ಇದೆ, ಬೆಂಗಳೂರಿನಲ್ಲೂ ಬರೆಯಬಹುದು. ಅಲ್ಲೇ ಪ್ರತಿ ವರ್ಷ ಜಪಾನ್ ಹಬ್ಬ ನಡೆಯುತ್ತದೆ. ಕಲಿಯುವವರೂ ಊರಿನ ಜಪಾನೀಯರೂ ಸೇರುತ್ತಾರೆ, ಮಾತಾಡಿ ನೋಡಲು ಒಳ್ಳೆಯ ಜಾಗ.

ಹೋಗಲು ಯಾವ ಸಮಯ ಒಳ್ಳೆಯದು?

ಹೂವಿಗೆ ಮಾರ್ಚ್ ಕೊನೆ, ಏಪ್ರಿಲ್ ಮೊದಲು. ಕೆಂಪೆಲೆಗೆ ನವೆಂಬರ್. ಏಪ್ರಿಲ್ 29ರಿಂದ ಮೇ 5ರವರೆಗೆ ಗೋಲ್ಡನ್ ವೀಕ್ ರಜೆ, ಆಗಸ್ಟ್ ಮಧ್ಯದಲ್ಲಿ ಒಬೋನ್. ಇಡೀ ದೇಶ ಊರಿಗೆ ಹೊರಟಿರುತ್ತದೆ, ರೈಲು ಹೋಟೆಲು ಎರಡೂ ಸಿಗುವುದಿಲ್ಲ. ಗಿಯೋನ್ ನೋಡುವವರು ಜುಲೈನ ಸೆಕೆಗೆ ಸಿದ್ಧರಾಗಿ ಹೋಗಿ, ಕೋಣೆ ತಿಂಗಳುಗಟ್ಟಲೆ ಮುಂಚೆ ಹಿಡಿಯಿರಿ. ಸುಮೋ ಬೇಕೆಂದರೆ ಜನವರಿ, ಮೇ, ಸೆಪ್ಟೆಂಬರ್‌ನಲ್ಲಿ ಟೋಕಿಯೊದ ರ್ಯೋಗೊಕು, ಮಾರ್ಚ್‌ನಲ್ಲಿ ಒಸಾಕಾ, ಜುಲೈನಲ್ಲಿ ನಗೋಯಾ, ನವೆಂಬರ್‌ನಲ್ಲಿ ಫುಕುಓಕಾ. ಟಿಕೆಟ್ ಸಿಕ್ಕಿದರೆ ಬೆಳಗ್ಗೆಯೇ ಹೋಗಿ ಕುಳಿತುಕೊಳ್ಳಿ. ದೊಡ್ಡ ಕುಸ್ತಿಪಟುಗಳು ಬರುವುದು ಸಂಜೆಗೆ. ಬೆಳಗ್ಗೆ ಖಾಲಿ ಕುರ್ಚಿಗಳ ಮುಂದೆ ಹೊಡೆದಾಡುವ ಸಂಬಳವಿಲ್ಲದ ಹುಡುಗರನ್ನು ಅಷ್ಟು ಹತ್ತಿರದಿಂದ ನೋಡಲು ಆಮೇಲೆ ಆಗುವುದಿಲ್ಲ.